ಅಡಿಗೆಯ ಮನೆಯಲ್ಲಿ ಕೃತಜ್ಞತೆ

ಬೆಳಗಿನ ನಾಲ್ಕು ಗಂಟೆಗೆ ಎದ್ದು ಒಲೆ ಹೊತ್ತಿಸಿ, ರಾತ್ರಿ ಹನ್ನೊಂದಕ್ಕೆ ಮೇಜು ಒರಸಿ ಮಲಗುವವನಿಗೆ ದೇವರ ಧ್ಯಾನಕ್ಕೆ ಹೊತ್ತೆಲ್ಲಿಯದು? ದಿನವಿಡೀ ಲೆಕ್ಕದ ಪುಸ್ತಕದ ಮೇಲೆ ಬಾಗಿ ಕುಳಿತು, ಸಂಜೆ ರೈಲಿನಲ್ಲಿ ನಿಂತೇ ಮನೆ ಸೇರುವ ಗುಮಾಸ್ತನಿಗೆ ಭಕ್ತಿಗೆ ಬಿಡುವೆಲ್ಲಿಯದು? ಪರಸ್ಥಳದಲ್ಲಿ ದುಡಿಯುವ ನಮ್ಮವರ ಬಾಯಲ್ಲಿ ಈ ಮಾತು ಆಗಾಗ ಕೇಳಿಬರುವುದು. ಕ್ರೈಸ್ತ ಧರ್ಮದ ಇತಿಹಾಸದಲ್ಲಿ ಇದಕ್ಕೆ ಉತ್ತರ ಕೊಟ್ಟವನು ಪಂಡಿತನಲ್ಲ, ಒಬ್ಬ ಅಡಿಗೆಯವನು.

ಅವನ ಹುಟ್ಟು ಹೆಸರು ನಿಕೊಲಾ ಹೆರ್ಮಾನ್. ಹುಟ್ಟಿದ್ದು ಇಂದಿನ ಫ್ರಾನ್ಸಿನ ಪೂರ್ವಕ್ಕಿರುವ ಲೊರೇನ್ ಸೀಮೆಯ ಬಡ ಕುಟುಂಬದಲ್ಲಿ. ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಚಳಿಗಾಲದಂದು ಎಲೆಯುದುರಿ ಬೋಳಾಗಿ ನಿಂತ ಮರವೊಂದನ್ನು ಕಂಡನು. ಇದೇ ಮರ ಮತ್ತೆ ಚಿಗುರಿ, ಹೂತು, ಕಾಯಿಬಿಡುವುದಲ್ಲವೆ ಎಂಬ ಯೋಚನೆ ಬಂದಿತು. ಅಂದು ಮನಸ್ಸಿಗೆ ನಾಟಿದ ದೈವವಿಶ್ವಾಸವು ಕೊನೆಯವರೆಗೂ ಅವನನ್ನು ಬಿಡಲಿಲ್ಲ. ಮುಂದೆ ಸೈನ್ಯ ಸೇರಿ ಗಾಯಗೊಂಡನು, ಕಾಲು ಕುಂಟಾಯಿತು. ಬಳಿಕ ಶ್ರೀಮಂತರೊಬ್ಬರ ಮನೆಯಲ್ಲಿ ಸೇವಕನಾಗಿದ್ದಾಗ, ತಾನು ಮುಟ್ಟಿದ್ದನ್ನೆಲ್ಲ ಒಡೆಯುವ ಒಡ್ಡ ಆಳಾಗಿದ್ದೆನೆಂದು ಅವನೇ ಹೇಳಿಕೊಂಡಿರುವನು. 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠವನ್ನು ಸೇರಿ, ಸಹೋದರ ಲಾರೆನ್ಸ್ ಎಂಬ ಹೆಸರು ಪಡೆದನು. ಅವನು ಪಾದ್ರಿಯಾಗಲಿಲ್ಲ; ಮೈಮುರಿದು ದುಡಿಯುವ ಸೇವಾ ಸಹೋದರನಾಗಿಯೇ ಉಳಿದನು.

ಮಠದವರು ಅವನಿಗೊಪ್ಪಿಸಿದ್ದು ಅಡಿಗೆಯ ಕೆಲಸ. ಆ ಕೆಲಸವೆಂದರೆ ಅವನಿಗೆ ಸ್ವಭಾವತಃ ಜಿಗುಪ್ಸೆ! ಆದರೂ ಸುಮಾರು ಹದಿನೈದು ವರ್ಷ ಅದನ್ನು ನಿರ್ವಹಿಸಿದನು. ಕೆಲಸಕ್ಕೆ ಕೈಹಾಕುವ ಮೊದಲು ದೇವರ ಸಹಾಯವನ್ನು ಬೇಡುವನು. ಮುಗಿದ ಮೇಲೆ ವಂದಿಸುವನು. ತಪ್ಪಿದರೆ ಒಪ್ಪಿಕೊಂಡು, ಕೊರಗುತ್ತ ಕೂರದೆ ಮುಂದಿನ ಕೆಲಸಕ್ಕೆ ಏಳುವನು. ಬಾಣಲೆಯಲ್ಲಿ ಮೊಟ್ಟೆಯ ದೋಸೆ ಮಗುಚುವುದನ್ನೂ ದೇವರ ಪ್ರೀತಿಗಾಗಿಯೇ ಮಾಡುವನು. ನಾಲ್ಕು ಕಡೆಯಿಂದ ನಾಲ್ವರು ಕೂಗಿ ಕರೆಯುವ ಆ ಗದ್ದಲದಲ್ಲಿಯೂ ಪೂಜಾವೇದಿಕೆಯ ಮುಂದೆ ಮೊಣಕಾಲೂರಿದಾಗಿನಷ್ಟೇ ಶಾಂತಿ ತನಗುಂಟೆಂದು ಅವನು ಹೇಳುತ್ತಿದ್ದನು.

ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಕೆಲಸ ಹಿಡಿಸಿದ್ದರಿಂದ ಅವನಲ್ಲಿ ಕೃತಜ್ಞತೆ ಹುಟ್ಟಲಿಲ್ಲ. ಹಿಡಿಸದ ಕೆಲಸದ ನಡುವೆಯೇ ಅದನ್ನು ಅವನು ಅಭ್ಯಾಸದಿಂದ ಬೆಳೆಸಿಕೊಂಡನು. ಸಂತ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಎಲ್ಲ ಸ್ಥಿತಿಯಲ್ಲಿಯೂ ದೇವರಿಗೆ ವಂದಿಸಬೇಕೆಂದು ಬೋಧಿಸಿರುವನು. ಕಷ್ಟಕ್ಕಾಗಿ ವಂದಿಸಿರೆಂದಲ್ಲ, ಕಷ್ಟದಲ್ಲಿಯೂ ವಂದಿಸುವುದನ್ನು ಮರೆಯದಿರಿ ಎಂದೇ ನಾವು ಇದನ್ನು ಅರ್ಥಮಾಡಿಕೊಳ್ಳುವೆವು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಲಾರೆನ್ಸನು ಸನ್ಯಾಸಿ, ಊರಿನಲ್ಲಿ ಕಾಯುವ ಮಡದಿ ಮಕ್ಕಳಿರಲಿಲ್ಲ, ತಿಂಗಳ ಕೊನೆಗೆ ಹಣ ಕಳುಹಿಸುವ ಚಿಂತೆಯಿರಲಿಲ್ಲ. ಹೊಟ್ಟೆಪಾಡಿಗಾಗಿ ಬಂದವನಿಗೆ ಕೃತಜ್ಞನಾಗಿರು ಎನ್ನುವುದು ಅವನ ಬಾಯಿ ಮುಚ್ಚಿಸುವ ಉಪಾಯವಾಗಬಾರದಷ್ಟೆ? ನಿಶ್ಚಯವಾಗಿ ಆಗಬಾರದು. ದುಡಿದವನ ಕೂಲಿಯನ್ನು ತಡೆಹಿಡಿಯುವ ಧನಿಕರನ್ನು ಬೈಬಲಿನ ಯಾಕೋಬನ ಪತ್ರವು ಕಟುವಾಗಿ ಖಂಡಿಸಿದೆ. ವಂದನೆ ದೇವರಿಗೆ ಸಲ್ಲತಕ್ಕದ್ದು. ಕೂಲಿ ದುಡಿದವನಿಗೆ ಸಲ್ಲತಕ್ಕದ್ದು. ಒಂದನ್ನು ತೋರಿಸಿ ಇನ್ನೊಂದನ್ನು ಕಸಿಯುವುದು ಧರ್ಮವಲ್ಲ.

ಅನ್ನಕ್ಕಾಗಿ ವಂದಿಸುವುದು ನಮ್ಮ ಕರಾವಳಿಯವರಿಗೆ ಹೊಸತಲ್ಲ. ಮಂಗಳೂರಿನ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಕುಟುಂಬದವರೆಲ್ಲ ಕೂಡಿ ಉಣ್ಣುವರು. ಅವರ ನೆರೆಹೊರೆಯ ಹಿಂದೂಗಳಲ್ಲಿಯೂ ಹೊಸ ಅಕ್ಕಿಯ ಊಟವುಂಟು. ವರುಷಕ್ಕೊಮ್ಮೆ ಊರಿನಲ್ಲಿ ಮಾಡುವ ಈ ವಂದನೆಯನ್ನು ಲಾರೆನ್ಸನು ದಿನದ ಪ್ರತಿಯೊಂದು ಕೆಲಸಕ್ಕೂ ಹಂಚಿದನು.

ಕಾಲಿನ ನೋವು ಹೆಚ್ಚಿದ ಮೇಲೆ ಅವನು ಕುಳಿತು ಮಠದವರ ಪಾದರಕ್ಷೆಗಳನ್ನು ಹೊಲಿದನು. 1691ರಲ್ಲಿ ತೀರಿಕೊಂಡನು. ಅವನ ಪತ್ರಗಳನ್ನೂ ಸಂಭಾಷಣೆಗಳನ್ನೂ ಜೋಸೆಫ್ ದ ಬೊಫೋರ್ ಎಂಬ ಪಾದ್ರಿ ಸಂಗ್ರಹಿಸಿ ಪ್ರಕಟಿಸಿದರು. ಆ ಚಿಕ್ಕ ಪುಸ್ತಕವನ್ನು ಕಥೋಲಿಕರೂ ಪ್ರಾಟೆಸ್ಟಂಟರೂ ಇಂದಿಗೂ ಓದುತ್ತಿರುವರು.

ನಾಳೆ ಬೆಳಿಗ್ಗೆ ಕಾವಲಿಯ ಮೇಲೆ ಮೊದಲ ದೋಸೆ ಹೊಯ್ಯುವಾಗ, ಅಥವಾ ಲೆಕ್ಕದ ಪುಸ್ತಕದ ಮೊದಲ ಹಾಳೆ ತೆರೆಯುವಾಗ, ಒಂದು ಗಳಿಗೆ ನಿಂತು ವಂದಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಅಷ್ಟು ಬಿಡುವು ನಮ್ಮೆಲ್ಲರಿಗೂ ಉಂಟು.