ಪ್ರಾಮಿಸರಿ ನೋಟಿಗೆ ರುಜು ಹಾಕುವ ಮುನ್ನ

ನಮ್ಮ ಶಾಲೆಯಲ್ಲಿ ಕಲಿತು ಹೊರಟ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಸ್ವಂತವಾಗಿ ಸಂಪಾದಿಸುವವರೂ ಮನೆಯ ಲೆಕ್ಕಾಚಾರವನ್ನು ನಡೆಯಿಸುವವರೂ ಆಗಿರುತ್ತಾರೆ. ಬಂಧುಗಳೋ ಪರಿಚಿತರೋ ಪ್ರಾಮಿಸರಿ ನೋಟನ್ನು ಮುಂದಿಟ್ಟು, “ಇಲ್ಲೊಂದು ರುಜು ಹಾಕಿರಿ” ಎಂದು ಕೇಳುವ ಪ್ರಸಂಗವು ಯಾರಿಗಾದರೂ ಬರಬಹುದು. ಆ ತುಂಡು ಕಾಗದಕ್ಕಿರುವ ಶಕ್ತಿಯು ಎಂಥದೆಂಬುದನ್ನು ಮೊದಲೇ ಅರಿತಿರುವುದು ಕ್ಷೇಮಕರವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಆಧಾರವಾಗಿರುವುದು 1881ನೆಯ ಇಸವಿಯ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟು. ಅದರ 4ನೆಯ ಕಲಮಿನ ಪ್ರಕಾರ ನೋಟು ಬರಹದಲ್ಲಿರಬೇಕು. ಬರೆದುಕೊಡುವವರ ರುಜು ಇರಬೇಕು. ನಿಶ್ಚಿತವಾದ ಮೊಬಲಗನ್ನು ಇಂಥವರಿಗೆ ಕೊಡುವೆನೆಂಬ ವಾಗ್ದಾನವು ಯಾವ ಷರತ್ತೂ ಇಲ್ಲದೆ ಇರಬೇಕು. ಕೊಡತಕ್ಕದ್ದು ಹಣವೇ ಹೊರತು ಬೇರೆ ವಸ್ತುವಾಗಿರಕೂಡದು. “ಇಂಥವರನ್ನು ವಿವಾಹವಾದ 7 ದಿನಗಳ ಮೇಲೆ 500 ರೂಪಾಯಿ ಕೊಡುವೆನು” ಎಂಬುದು ಪ್ರಾಮಿಸರಿ ನೋಟಲ್ಲ. ವಿವಾಹವು ನಡೆದೇ ತೀರುವುದೆಂಬ ನಿಶ್ಚಯವಿಲ್ಲವಷ್ಟೆ. ಇಂಥ ಉದಾಹರಣೆಯನ್ನು ಕಾನೂನೇ ಕೊಟ್ಟಿರುತ್ತದೆ.

ಇಷ್ಟು ಕಟ್ಟುನಿಟ್ಟು ಏಕೆಂದರೆ, ನೋಟು ಒಬ್ಬರ ಕೈಯಲ್ಲಿಯೇ ನಿಲ್ಲತಕ್ಕದ್ದಲ್ಲ. ಇಂಥವರಿಗೆ ಅಥವಾ ಅವರು ಹೇಳಿದವರಿಗೆ ಹಣ ಸಲ್ಲತಕ್ಕದ್ದೆಂದು ಬರೆದಿದ್ದರೆ, ಇಲ್ಲವೆ ಹೆಸರನ್ನು ಮಾತ್ರ ಬರೆದು ವರ್ಗಾವಣೆಯನ್ನು ನಿಷೇಧಿಸದೆ ಇದ್ದರೆ, ಪಡೆದವರು ಅದರ ಬೆನ್ನಿಗೆ ರುಜು ಹಾಕಿ ಮತ್ತೊಬ್ಬರಿಗೆ ಒಪ್ಪಿಸಬಹುದು. ಹಣದ ಹಕ್ಕೂ ಅದರೊಂದಿಗೆ ಹೋಗುವುದು. “ತಂದವರಿಗೆ ಕೊಡುವೆನು” ಎಂಬ ನೋಟನ್ನು ಮಾತ್ರ ರಿಜರ್ವ್ ಬ್ಯಾಂಕೂ ಕೇಂದ್ರ ಸರಕಾರವೂ ಅಲ್ಲದೆ ಬೇರಾರೂ ಹೊರಡಿಸಕೂಡದೆಂದು 1934ನೆಯ ಇಸವಿಯ ರಿಜರ್ವ್ ಬ್ಯಾಂಕ್ ಆಕ್ಟು ವಿಧಿಸುತ್ತದೆ.

ಅಪಾಯವಿರುವುದು ಈ ಕೈಬದಲಾವಣೆಯಲ್ಲಿಯೇ. ಸಾಮಾನ್ಯ ಸಾಲದ ಹಕ್ಕನ್ನು ಕೊಂಡವರಿಗೆ, ಮಾರಿದವರಿಗಿದ್ದುದಕ್ಕಿಂತ ಹೆಚ್ಚಿನ ಹಕ್ಕು ಬಾರದು. ನೋಟಿನ ರೀತಿ ಹಾಗಲ್ಲ. ವಾಯಿದೆ ತೀರುವ ಮುನ್ನ, ತಕ್ಕ ಪ್ರತಿಫಲವನ್ನು ಕೊಟ್ಟು, ಲೋಪವಿದೆಯೆಂದು ಸಂಶಯಪಡಲು ಸಾಕಾದ ಕಾರಣವಿಲ್ಲದೆ ಅದನ್ನು ಪಡೆದವರು ಯಥಾಕ್ರಮ ಧಾರಕರೆನಿಸುವರು. “ಹಣವು ನನ್ನ ಕೈಗೆ ಬರಲೇ ಇಲ್ಲ” ಎಂಬ ಮಾತು ಮೊದಲು ನೋಟು ಪಡೆದವರ ಎದುರಿಗೆ ನಿಜವೆಂದು ಸ್ಥಾಪಿತವಾದರೆ ನಿಲ್ಲಬಹುದು. ಯಥಾಕ್ರಮ ಧಾರಕರ ಎದುರಿಗೆ ನಿಲ್ಲದು.

ಇದಕ್ಕಿಂತಲೂ ಗಂಭೀರವಾದುದು 20ನೆಯ ಕಲಮು. ಮುದ್ರೆಯುಳ್ಳ ಕಾಗದಕ್ಕೆ, ಮೊಬಲಗನ್ನು ಬರೆಯದೆ ಬರಿದಾಗಿ ಬಿಟ್ಟು ರುಜು ಹಾಕಿ ಕೊಟ್ಟವರು, ಆ ಮುದ್ರೆಗೆ ಸಲ್ಲುವಷ್ಟು ಮೊಬಲಗನ್ನು ತುಂಬಿಕೊಳ್ಳುವ ಅಧಿಕಾರವನ್ನು ಕೊಟ್ಟವರೆಂದೇ ಮೇಲುನೋಟಕ್ಕೆ ಎಣಿಸಲ್ಪಡುವರು. ನಂಬಿಕೆಯಿಂದ ಕೊಟ್ಟ ಖಾಲಿ ರುಜುವಿನಿಂದ ಮನೆಯೇ ಸಾಲದಲ್ಲಿ ಮುಳುಗಬಹುದು.

ಆದಕಾರಣ ನಾವು ಹೇಳತಕ್ಕದ್ದು ಇಷ್ಟೆ. ಎಷ್ಟೇ ಆಪ್ತರು ಕೇಳಲಿ, ಖಾಲಿ ಕಾಗದಕ್ಕೆ ರುಜು ಹಾಕಬೇಡಿರಿ. ಮೊಬಲಗನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದ ಮೇಲೆಯೇ ಲೇಖನಿಯನ್ನು ಹಿಡಿಯಿರಿ. ಸಾಲದ ಒಂದು ಭಾಗವನ್ನು ತೀರಿಸಿದರೆ ಅದನ್ನು ನೋಟಿನ ಮೇಲೆಯೇ ಬರೆಯಿಸಿರಿ. ಪೂರ್ತಿ ತೀರಿಸುವಾಗ ನೋಟನ್ನು ಕಣ್ಣಾರೆ ನೋಡಿ, ಹಣ ಕೊಟ್ಟೊಡನೆ ಹಿಂದಕ್ಕೆ ಪಡೆಯಿರಿ. 81ನೆಯ ಕಲಮು ನಿಮಗೆ ಈ ಹಕ್ಕನ್ನು ಕೊಟ್ಟಿದೆ. ಹಣ ಕೊಟ್ಟೂ ಕಾಗದವನ್ನು ಬಿಟ್ಟುಬಂದವರು ಸಾಲವನ್ನು ಅರ್ಧ ಮಾತ್ರ ತೀರಿಸಿದಂತೆಯೇ ಸರಿ.