'ವಾಟರ್‌ಶೆಡ್': ಎಲ್ಲೆಯಿಂದ ನೆಲಕ್ಕೆ ಸರಿದ ಸಮಾಸಪದ ಮತ್ತು ಕನ್ನಡದ 'ಜಲಾನಯನ'

ಇಂಗ್ಲಿಷಿನ 'ವಾಟರ್‌ಶೆಡ್' ಎಂಬ ಸಮಾಸಪದಕ್ಕೆ ಒಂದಕ್ಕೊಂದು ಒಗ್ಗದ ಎರಡು ಅರ್ಥಗಳಿವೆ. ಮೊದಲನೆಯ ಅರ್ಥದಲ್ಲಿ ಅದು ಎರಡು ನದಿವ್ಯವಸ್ಥೆಗಳ ನೀರನ್ನು ಬೇರ್ಪಡಿಸುವ ಎತ್ತರದ ಗೆರೆ. ಎರಡನೆಯ ಅರ್ಥದಲ್ಲಿ ಅದು ಅಂಥ ಗೆರೆಗಳಿಂದ ಸುತ್ತುವರಿದ, ತನ್ನ ಮೇಲೆ ಬಿದ್ದ ಮಳೆಯನ್ನೆಲ್ಲ ಒಂದೇ ಹಳ್ಳಕ್ಕೆ ಅಥವಾ ಹೊಳೆಗೆ ಹರಿಸುವ ನೆಲ. ಗೆರೆಗೆ ಉದ್ದವುಂಟು, ವಿಸ್ತೀರ್ಣವಿಲ್ಲ. ನೆಲವನ್ನು ಹೆಕ್ಟೇರಿನಲ್ಲಿ ಅಳೆಯಬಹುದು. ಒಂದು ಪದ ಎಲ್ಲೆಯನ್ನೂ ಎಲ್ಲೆಯೊಳಗಿನ ವಸ್ತುವನ್ನೂ ಹೇಳತೊಡಗಿದರೆ ಅನುವಾದಕನಿಗೂ ನಿಘಂಟುಕಾರನಿಗೂ ಎದುರಾಗುವ ತೊಡಕು ಸಣ್ಣದಲ್ಲ. ಈ ಅರ್ಥಪಲ್ಲಟ ಹೇಗೆ ನಡೆಯಿತು, ಅದಕ್ಕೆ ಸಮಾಸದ ರಚನೆಯೇ ಎಷ್ಟರಮಟ್ಟಿಗೆ ಕಾರಣ, ಕನ್ನಡದಲ್ಲಿ ಅದಕ್ಕೆ ಒದಗಿರುವ 'ಜಲಾನಯನ' ಎಂಬ ಪದ ಯಾವ ಅರ್ಥವನ್ನು ಉಳಿಸಿಕೊಂಡು ಯಾವುದನ್ನು ಬಿಟ್ಟಿದೆ ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಪೂರ್ವಪದದಲ್ಲಿ ಕ್ಲಿಷ್ಟತೆಯೇನೂ ಇಲ್ಲ. ತೊಡಕೆಲ್ಲ ಉತ್ತರಪದದ್ದು. ಇಲ್ಲಿನ 'ಶೆಡ್' ಪ್ರಾಚೀನ ಇಂಗ್ಲಿಷಿನ 'ಶಾಡನ್' ಎಂಬ ಕ್ರಿಯಾಪದದ ಸಂತತಿ. ಅದರ ಮೂಲಾರ್ಥ 'ಬೇರ್ಪಡಿಸು'. ಜರ್ಮನ್ ಭಾಷೆಯ 'ಶೈಡನ್' ಅದರ ಜ್ಞಾತಿಪದ. ವಿವಾಹ ವಿಚ್ಛೇದನಕ್ಕೆ ಜರ್ಮನರು ಬಳಸುವ ಪದವೂ ಇದೇ ಧಾತುವಿನದು. 'ವಿಚ್ಛೇದನ'ದೊಳಗಿನ ಸಂಸ್ಕೃತ 'ಛಿದ್' ಧಾತುವನ್ನೂ ತೌಲನಿಕ ವ್ಯಾಕರಣವು, ಬೇರೆ ವಿಸ್ತರಣೆಯೊಡನೆ, ಇದೇ ಇಂಡೋ-ಯುರೋಪಿಯನ್ ಮೂಲಕ್ಕೆ ಸೇರಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷಿನಲ್ಲಿ ಕಾಣಿಸಿಕೊಂಡ 'ವಾಟರ್‌ಶೆಡ್' ಬಹುಶಃ ಜರ್ಮನಿನ 'ವಾಸರ್‌ಶೈಡ' ಎಂಬ ಪದದ ಪಡಿಯಚ್ಚು. ಹಾಗಿದ್ದರೆ ಸಮಾಸದ ವಿಗ್ರಹವಾಕ್ಯ ಸರಳ: ನೀರಿನ ವಿಭಜನೆ, ನೀರು ಬೇರಾಗುವ ತಾಣ.

ಆದರೆ ಇಂಗ್ಲಿಷ್ ಮಾತುಗಾರನಿಗೆ ಈ ವಿಗ್ರಹ ಇಂದು ತೋಚುವುದಿಲ್ಲ. 'ಶಾಡನ್' ಕ್ರಿಯಾಪದ ಕಾಲಕ್ರಮದಲ್ಲಿ 'ಬೇರ್ಪಡಿಸು' ಎಂಬುದರಿಂದ 'ಚೆಲ್ಲು', 'ಉದುರಿಸು', 'ಸುರಿಸು' ಎಂಬ ಅರ್ಥಗಳಿಗೆ ಸರಿಯಿತು. ಮರ ಎಲೆ ಉದುರಿಸುವುದೂ ಕಣ್ಣು ನೀರು ಸುರಿಸುವುದೂ ಈಗ ಈ ಕ್ರಿಯಾಪದದ ವ್ಯಾಪ್ತಿಗೆ ಸೇರುತ್ತವೆ. ರಕ್ತಪಾತವೆಂಬ ಅರ್ಥದ 'ಬ್ಲಡ್‌ಶೆಡ್' ಸಮಾಸದಲ್ಲಿರುವುದು ಈ ಎರಡನೆಯ ಅರ್ಥ. ನಮ್ಮ ಊರುಗಳಿಗೆ ಬೇಸಿಗೆಯಲ್ಲಿ ತಪ್ಪದೆ ಬರುವ 'ಲೋಡ್ ಶೆಡ್ಡಿಂಗ್'ನಲ್ಲಿರುವುದೂ ಅದೇ. ಇವೆರಡರ ಜೊತೆಗೆ ಮೂರನೆಯದೊಂದು 'ಶೆಡ್' ಇದೆ: ಕೊಟ್ಟಿಗೆ, ಚಪ್ಪರದ ಮನೆ. ಇದರ ವ್ಯುತ್ಪತ್ತಿಯೇ ಬೇರೆ. ಇದು ನೆರಳೆಂಬ ಅರ್ಥದ 'ಶೇಡ್' ಪದದ ರೂಪಾಂತರವೆಂದು ಭಾವಿಸಲಾಗಿದೆ. ಕನ್ನಡಕ್ಕೆ ಸ್ವೀಕಾರಪದವಾಗಿ ಬಂದು ನೆಲೆ ನಿಂತಿರುವುದು ಈ ಮೂರನೆಯದು ಮಾತ್ರ. ದನದ ಶೆಡ್ಡು, ಲಾರಿ ಶೆಡ್ಡು ಬಲ್ಲ ಕನ್ನಡಿಗ 'ವಾಟರ್‌ಶೆಡ್' ಎಂದಾಗ ಪಂಪ್‌ಸೆಟ್ಟಿನ ಕೊಠಡಿಯನ್ನು ನೆನೆದರೆ ಅವನ ಭಾಷಾಪ್ರಜ್ಞೆ ಕೆಟ್ಟಿದೆ ಎನ್ನಲಾಗದು. ಅವನಿಗೆ ದೊರೆತಿರುವ ಏಕೈಕ ಉತ್ತರಪದವನ್ನು ಅವನು ನಿಯಮಬದ್ಧವಾಗಿಯೇ ಬಳಸುತ್ತಿದ್ದಾನೆ.

ಉತ್ತರಪದ ಹೀಗೆ ಮಸುಕಾದದ್ದೇ ಅರ್ಥಪಲ್ಲಟಕ್ಕೆ ದಾರಿ ತೆರೆಯಿತೆಂಬುದು ನಮ್ಮ ಅಭಿಪ್ರಾಯ. 'ಬೇರ್ಪಡಿಸು' ಎಂಬ ಅರ್ಥ ಮರೆಯಾಗಿ 'ಸುರಿಸು' ಎಂಬ ಅರ್ಥವೊಂದೇ ಜೀವಂತವಾಗಿ ಉಳಿದಾಗ, 'ವಾಟರ್‌ಶೆಡ್' ಎಂದರೆ ತನ್ನ ನೀರನ್ನು ಕೆಳಕ್ಕೆ ಸುರಿಸುವ ಇಳಿಜಾರು ಎಂಬ ಹೊಸ ವಿಗ್ರಹಕ್ಕೆ ಅವಕಾಶವಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈ ಪ್ರಯೋಗ ದೊರೆಯುತ್ತದೆ. ಗೊಂದಲ ತಪ್ಪಿಸಲೆಂದೇ ಭೂಗೋಳದ ಕೆಲವು ಬರಹಗಾರರು ಗೆರೆಗೆ 'ವಾಟರ್‌ಪಾರ್ಟಿಂಗ್' ಎಂಬ ನಿಚ್ಚಳವಾದ ಪದವನ್ನು ಬಳಸಿದರು. ಅದು ಜನಬಳಕೆಗೆ ಬರಲಿಲ್ಲ. ಅಮೆರಿಕದ ಇಂಗ್ಲಿಷಿನಲ್ಲಿ ಗೆರೆಗೆ 'ಡಿವೈಡ್' ಎಂಬ ಪದ ನೆಲೆಗೊಂಡಿತು. ತೆರವಾದ 'ವಾಟರ್‌ಶೆಡ್' ನೆಲಕ್ಕೆ ಮೀಸಲಾಯಿತು. ಬ್ರಿಟನ್ನಿನಲ್ಲಿ ಗೆರೆ 'ವಾಟರ್‌ಶೆಡ್' ಆಗಿಯೇ ಉಳಿದು, ನೆಲಕ್ಕೆ 'ಕ್ಯಾಚ್‌ಮೆಂಟ್' ಬಂತು. ಎರಡೂ ಪ್ರಭೇದಗಳಲ್ಲಿ ವ್ಯವಸ್ಥೆ ಸುಸಂಗತವೇ. ತೊಡಕು ಹುಟ್ಟುವುದು ಒಂದರ ಪಠ್ಯವನ್ನು ಇನ್ನೊಂದರ ಕಣ್ಣಿನಿಂದ ಓದಿದಾಗ.

ಎಲ್ಲೆಯ ಹೆಸರು ನೆಲದ ಹೆಸರಾಗುವುದು ಅಪರೂಪದ ಸಂಗತಿಯಲ್ಲ. ಲ್ಯಾಟಿನ್ನಿನ 'ಫೀನಿಸ್' ಎಂದರೆ ಕೊನೆ, ಗಡಿ. ಅದರ ಬಹುವಚನಕ್ಕೆ ನಾಡು ಎಂಬ ಅರ್ಥ. ಕನ್ನಡದ ಉದಾಹರಣೆ ಇದಕ್ಕಿಂತಲೂ ಸೊಗಸಾದುದು. ಸಂಸ್ಕೃತದ 'ಸೀಮಾ' ಗಡಿಯನ್ನು ಹೇಳಿದರೆ ಅದರಿಂದ ಬಂದ ಕನ್ನಡದ 'ಸೀಮೆ' ಗಡಿಯೊಳಗಿನ ನಾಡನ್ನೇ ಹೇಳುತ್ತದೆ: ಬಯಲುಸೀಮೆ, ಅರೆಮಲೆನಾಡಿನ ಸೀಮೆ, 'ಅವರು ಯಾವ ಸೀಮೆಯವರೋ' ಎಂಬ ಮಾತು. ಇನ್ನೂ ಸ್ವಾರಸ್ಯವೆಂದರೆ, ಸಂಸ್ಕೃತದ 'ಸೀಮನ್' ಪದಕ್ಕೆ ಗಡಿ ಎಂಬುದರ ಜೊತೆಗೆ ಬೈತಲೆ ಎಂಬ ಅರ್ಥವೂ ಇದೆ. ಬೈತಲೆಯ ಅರ್ಥದಲ್ಲಿ 'ಸೀಮಂತ', ಎಲ್ಲೆಯ ಕೊನೆ ಎಂಬ ಅರ್ಥದಲ್ಲಿ 'ಸೀಮಾಂತ' ಎಂದು ವೈಯಾಕರಣರು ಸಂಧಿಯಲ್ಲೇ ಭೇದ ಮಾಡಿದ್ದಾರೆ. ನಮ್ಮ ಮನೆಗಳ ಸೀಮಂತದ ಹೆಸರೂ ಗರ್ಭಿಣಿಯ ಬೈತಲೆ ತೆಗೆಯುವ ಕ್ರಿಯೆಯಿಂದ ಬಂದದ್ದು. ಇಂಗ್ಲಿಷಿನ 'ಶೆಡ್' ನಾಮಪದಕ್ಕೂ ಮಧ್ಯಕಾಲದಿಂದ ಬೈತಲೆ ಎಂಬ ಅರ್ಥವುಂಟು. ಕೂದಲನ್ನು ಎಡಬಲಕ್ಕೆ ಇಳಿಬಿಡುವ ಗೆರೆ, ನೀರನ್ನು ಎಡಬಲಕ್ಕೆ ಇಳಿಬಿಡುವ ಗೆರೆ, ಆಮೇಲೆ ಗೆರೆಯಾಚೀಚಿನ ನೆಲ: ನೇರ ಸಂಬಂಧವಿಲ್ಲದ ಎರಡು ಪದಗಳು ಒಂದೇ ಹಾದಿಯಲ್ಲಿ ನಡೆದಿವೆ.

ಭಾರತೀಯ ಅರ್ಥಮೀಮಾಂಸೆಯ ಪರಿಭಾಷೆಯಲ್ಲಿ ಇದು ಲಕ್ಷಣೆ. ಗಂಗೆಯಲ್ಲಿ ಹಟ್ಟಿಯಿದೆ ಎಂದಾಗ ಹೊಳೆಯ ಹೆಸರು ದಡವನ್ನು ಹೇಳುವಂತೆ, ಇಲ್ಲಿ ದಿಣ್ಣೆಯ ಹೆಸರು ಇಳಿಜಾರನ್ನು ಹೇಳುತ್ತದೆ. ಆದರೆ ಗಂಗೆಯ ಉದಾಹರಣೆಯಲ್ಲಿ ಕೇಳುಗನಿಗೆ ಮುಖ್ಯಾರ್ಥದ ಬಾಧೆ ಪ್ರತಿ ಸಲವೂ ಅರಿವಿಗೆ ಬರುತ್ತದೆ, ಹಾಗೆ ಹೇಳಿದ್ದಕ್ಕೊಂದು ಪ್ರಯೋಜನವೂ ಇರುತ್ತದೆ. 'ವಾಟರ್‌ಶೆಡ್'ನಲ್ಲಿ ಅವೆರಡೂ ಅಳಿದಿವೆ, ಅದು ರೂಢಿಲಕ್ಷಣೆಯಾಗಿದೆ.

ಹೊಸ ಅರ್ಥ ಎಷ್ಟು ಗಟ್ಟಿಯಾಗಿ ಬೇರೂರಿದೆ ಎಂಬುದಕ್ಕೆ ನಿಘಂಟುಗಳಿಗಿಂತ ಪದರಚನೆಯೇ ಬಲವಾದ ಸಾಕ್ಷಿ. ನಗರವೊಂದಕ್ಕೆ ಆಹಾರ ಒದಗಿಸುವ ಪ್ರದೇಶಕ್ಕೆ 'ಫುಡ್‌ಶೆಡ್' ಎಂಬ ಪದವನ್ನು ವಾಲ್ಟರ್ ಹೆಡನ್ 1929ರಲ್ಲಿ ಅಮೆರಿಕದ ಮಹಾನಗರಗಳ ಆಹಾರ ಪೂರೈಕೆಯ ಕುರಿತ ತನ್ನ ಪುಸ್ತಕದಲ್ಲಿ ಬಳಸಿದ. ಹಾಲು ಬರುವ ಪ್ರದೇಶಕ್ಕೆ 'ಮಿಲ್ಕ್‌ಶೆಡ್', ಒಂದೇ ವಾಯುರಾಶಿಯ ಮಾಲಿನ್ಯವನ್ನು ಹಂಚಿಕೊಳ್ಳುವ ಪ್ರದೇಶಕ್ಕೆ 'ಏರ್‌ಶೆಡ್', ಒಂದು ನೆಲೆಯಿಂದ ಕಣ್ಣಿಗೆ ಕಾಣುವಷ್ಟು ನೆಲಕ್ಕೆ 'ವ್ಯೂಶೆಡ್' ಎಂಬ ಪದಗಳೂ ಬಳಕೆಯಲ್ಲಿವೆ. ಇವುಗಳಲ್ಲಿ ಒಂದೂ ಗೆರೆಯನ್ನು ಹೇಳುವುದಿಲ್ಲ; ಎಲ್ಲವೂ ಕ್ಷೇತ್ರವಾಚಕಗಳು. ಅಂದರೆ 'ಶೆಡ್' ಇಲ್ಲಿ ಸ್ವತಂತ್ರ ಪದವಾಗಿ ಉಳಿಯದೆ, 'ಏನನ್ನಾದರೂ ಒಂದೆಡೆಗೆ ಹರಿಸುವ ಪ್ರದೇಶ' ಎಂಬ ಅರ್ಥದ, ಪ್ರತ್ಯಯಕ್ಕೆ ಹತ್ತಿರವಾದ ಘಟಕವಾಗಿದೆ. ತಪ್ಪು ತಿಳಿವಳಿಕೆಯ ಫಲವೆಂದು ಯಾರಾದರೂ ಆಕ್ಷೇಪಿಸಬಹುದು. ಸಂತಾನ ಪಡೆದ ಅರ್ಥವನ್ನು ತಪ್ಪೆನ್ನಲು ಭಾಷಾವಿಜ್ಞಾನಕ್ಕೆ ಅಧಿಕಾರವಿಲ್ಲ.

ಆಲಂಕಾರಿಕ ಬಳಕೆಯ ಸ್ಥಿತಿ ಇದಕ್ಕೆ ವಿರುದ್ಧ. ಇತಿಹಾಸದ ಘಟ್ಟವೊಂದನ್ನು 'ವಾಟರ್‌ಶೆಡ್' ಎಂದಾಗ ಉದ್ದೇಶಿತವಾದುದು ಗೆರೆಯೇ: ಅದರ ಈಚೆಗೆ ಬಿದ್ದ ಹನಿ ಒಂದು ಸಮುದ್ರಕ್ಕೆ, ಆಚೆಗೆ ಬಿದ್ದದ್ದು ಮತ್ತೊಂದಕ್ಕೆ. ಬ್ರಿಟನ್ನಿನ ದೂರದರ್ಶನ ನಿಯಮಗಳಲ್ಲಿ ರಾತ್ರಿ 9 ಗಂಟೆಯನ್ನು 'ವಾಟರ್‌ಶೆಡ್' ಎನ್ನುತ್ತಾರೆ. ಮಕ್ಕಳಿಗೆ ತಕ್ಕುದಲ್ಲದ ಕಾರ್ಯಕ್ರಮಗಳನ್ನು ಅದಕ್ಕೆ ಮುಂಚೆ ಪ್ರಸಾರ ಮಾಡುವಂತಿಲ್ಲ. ಇಲ್ಲಿಯೂ ಕಾಲದ ಮೇಲೆ ಎಳೆದ ಗೆರೆಯೇ ಇದೆ. ನೆಲವನ್ನಷ್ಟೇ 'ವಾಟರ್‌ಶೆಡ್' ಎನ್ನುವ ಅಮೆರಿಕನ್ನನೂ ಐತಿಹಾಸಿಕ ತಿರುವನ್ನು ಹೇಳುವಾಗ, ತಾನರಿಯದೆ, ಹಳೆಯ ಅರ್ಥವನ್ನೇ ಬಳಸುತ್ತಾನೆ. ವಾಚ್ಯಾರ್ಥ ಸವೆದುಹೋದ ಮೇಲೂ ಅದನ್ನು ಆಧರಿಸಿದ ರೂಪಕ ಪಳೆಯುಳಿಕೆಯಂತೆ ನಿಲ್ಲಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಗೆರೆಯ ಅರ್ಥಕ್ಕೆ ರಾಜಕೀಯ ತೂಕವೂ ಇದೆ. ಅರ್ಜೆಂಟೀನ ಮತ್ತು ಚಿಲಿ ನಡುವಿನ 1881ರ ಒಪ್ಪಂದವು, ನೀರನ್ನು ಬೇರ್ಪಡಿಸುವ ಅತ್ಯುನ್ನತ ಶಿಖರಸಾಲನ್ನು ಗಡಿಯೆಂದು ವಿಧಿಸಿತು. ಪೆಟಗೋನಿಯದಲ್ಲಿ ಅತ್ಯುನ್ನತ ಶಿಖರಗಳು ಒಂದು ಕಡೆ, ನೀರು ಬೇರಾಗುವ ಗೆರೆ ಇನ್ನೊಂದು ಕಡೆ. ವಿಶೇಷಣ ವಾಕ್ಯಕ್ಕೆ ಪ್ರಾಧಾನ್ಯವೋ ವಿಶೇಷ್ಯಕ್ಕೋ ಎಂಬ ವ್ಯಾಕರಣದ ಪ್ರಶ್ನೆ ಎರಡು ದೇಶಗಳ ವ್ಯಾಜ್ಯವಾಯಿತು: ಅರ್ಜೆಂಟೀನ ಶಿಖರಗಳನ್ನು ಹಿಡಿಯಿತು, ಚಿಲಿ ನೀರನ್ನು. ಬ್ರಿಟಿಷ್ ದೊರೆ ಏಳನೆಯ ಎಡ್ವರ್ಡ್‌ನ 1902ರ ಮಧ್ಯಸ್ಥಿಕೆಯ ತೀರ್ಪು ಎರಡನ್ನೂ ಪೂರ್ತಿ ಒಪ್ಪದೆ ನಡುವೆ ಗಡಿ ಎಳೆಯಿತು.

ಕನ್ನಡಕ್ಕೆ ಬರೋಣ. 'ಜಲಾನಯನ' ಎಂಬುದು ಜಲ ಮತ್ತು ಆನಯನ ಪದಗಳ ಸಮಾಸ. ಆನಯನವೆಂದರೆ ತರುವುದು, ಒಯ್ದು ಸೇರಿಸುವುದು. ಇದು ಮೊದಲಿನಿಂದಲೂ ಕ್ಷೇತ್ರದ ಅರ್ಥಕ್ಕೆ ಹೊಂದುವ ರಚನೆ. ಬೇರ್ಪಡಿಸುವ ಭಾವ ಅದರ ಯಾವ ಅಂಗದಲ್ಲೂ ಇಲ್ಲ. ನಮ್ಮ ಆಡಳಿತಕ್ಕೆ ಈ ಪರಿಕಲ್ಪನೆ ಬಂದದ್ದು ಕ್ಷೇತ್ರದ ಅರ್ಥದಲ್ಲಿಯೇ. ಹನುಮಂತರಾವ್ ಸಮಿತಿಯ ಶಿಫಾರಸಿನ ಮೇರೆಗೆ ರೂಪುಗೊಂಡ 1994ರ ಕೇಂದ್ರ ಮಾರ್ಗಸೂಚಿಗಳು ಸುಮಾರು 500 ಹೆಕ್ಟೇರುಗಳ ಘಟಕವನ್ನು 'ವಾಟರ್‌ಶೆಡ್' ಎಂದು ಪರಿಗಣಿಸಿದವು. ಆ ಕೆಲಸದಲ್ಲಿ ದಿಣ್ಣೆಯ ನೆತ್ತಿಯಿಂದ ತಗ್ಗಿನ ಕಡೆಗೆ ಬದು, ಇಂಗುಗುಂಡಿ, ಚೆಕ್‌ಡ್ಯಾಮುಗಳನ್ನು ಮಾಡುತ್ತ ಬರುವುದು ಪದ್ಧತಿ. ಆ ನೆತ್ತಿಯ ಗೆರೆಗೆ ಅಲ್ಲಿ 'ರಿಡ್ಜ್ ಲೈನ್' ಎಂಬ ಬೇರೆ ಪದವೇ ಇದೆ. ಹೀಗಾಗಿ ಜಲಾನಯನ ಅಭಿವೃದ್ಧಿ ಇಲಾಖೆಯ ಹೆಸರಿನಲ್ಲಾಗಲಿ ಸುಜಲ ಯೋಜನೆಯ ಕಡತಗಳಲ್ಲಾಗಲಿ ಈ ಪದ ಸರಿಯಾಗಿಯೇ ನಿಂತಿದೆ.

ತೊಂದರೆ ಎರಡು ಕಡೆ. ಅಣೆಕಟ್ಟುಗಳ ಸುದ್ದಿಯಲ್ಲಿ 'ಕ್ಯಾಚ್‌ಮೆಂಟ್'ಗೂ ಜಲಾನಯನ ಪ್ರದೇಶವೇ. ನದಿಯ ಇಡೀ ಕೊಳ್ಳವನ್ನು ಹೇಳುವ 'ಬೇಸಿನ್'ಗೂ ಎಷ್ಟೋ ಸಲ ಅದೇ. 'ಕೊಳ್ಳ' ಎಂಬ ಅಚ್ಚಗನ್ನಡದ ಪದ ಕೈಯಲ್ಲಿದ್ದೂ ಹೀಗಾಗುತ್ತಿರುವುದು ನಮಗೆ ಬೇಸರದ ಸಂಗತಿ. ಮರಾಠಿಯ 'ಪಾಣಲೋಟ' ದೇಶೀಯ ಪದವಾಗಿದ್ದು ಸರ್ಕಾರದ ಕಾಗದದಲ್ಲೂ ಗೌರವ ಪಡೆದಿರುವುದನ್ನು ಇಲ್ಲಿ ನೆನೆಯಬಹುದು. ಇದಕ್ಕಿಂತ ಗಂಭೀರವಾದುದು ಎರಡನೆಯದು: ಗೆರೆಗೆ ಬಳಕೆಯ ಪದವೇ ಇಲ್ಲದಿರುವುದು. 'ಜಲವಿಭಾಜಕ' ಭೂಗೋಳದ ಪಠ್ಯಗಳಾಚೆ ಹೊರಟಿಲ್ಲ.

ಗೆರೆ ನಮಗೆ ಅಪರಿಚಿತವೇನಲ್ಲ. ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದ ಒಂದೇ ಬೆಟ್ಟಸಾಲಿನಲ್ಲಿ ತುಂಗೆ, ಭದ್ರೆ, ನೇತ್ರಾವತಿಗಳ ಉಗಮವನ್ನು ಗುರುತಿಸುತ್ತಾರೆ. ಮೊದಲೆರಡರ ನೀರು ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಗೆ, ಮೂರನೆಯದರ ನೀರು ಮಂಗಳೂರಿನಲ್ಲಿ ಅರಬ್ಬೀ ಸಮುದ್ರಕ್ಕೆ. ಎತ್ತಿನಹೊಳೆ ಯೋಜನೆ ಸಕಲೇಶಪುರದ ಕಡೆ ಪಡುವಣಕ್ಕೆ ಹರಿಯುವ, ನೇತ್ರಾವತಿಗೆ ಸೇರುವ ತೊರೆಗಳ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ಒಯ್ಯಲು ಹೊರಟದ್ದು. ಅದನ್ನು ಕುರಿತು ನೀರು 'ವಾಟರ್‌ಶೆಡ್' ದಾಟುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದುದನ್ನು 'ಜಲಾನಯನ ಪ್ರದೇಶವನ್ನು ದಾಟುತ್ತದೆ' ಎಂದು ಅನುವಾದಿಸಿದರೆ, ನೀರು ಒಂದು ನೆಲವನ್ನು ಹಾದುಹೋಗುತ್ತದೆ ಎಂದಷ್ಟೇ ಓದುಗನಿಗೆ ತಿಳಿಯುತ್ತದೆ. ಯೋಜನೆಯ ಪರವಾಗಿ ವಾದಿಸುವವನಿಗೂ ವಿರೋಧಿಸುವವನಿಗೂ ಮುಖ್ಯವಾದ ಸಂಗತಿ, ಒಂದು ಸಮುದ್ರಕ್ಕೆ ಸಲ್ಲುವ ನೀರನ್ನು ಇನ್ನೊಂದರ ಕಡೆಗೆ ತಿರುಗಿಸಲಾಗುತ್ತಿದೆ ಎಂಬುದು, ಆ ಕನ್ನಡ ವಾಕ್ಯದಿಂದ ಜಾರಿಹೋಗುತ್ತದೆ.

ಆಲಂಕಾರಿಕ ಅರ್ಥದ ಅನುವಾದದಲ್ಲೂ ಇದೇ ಕೊರತೆ ತಲೆದೋರುತ್ತದೆ. 'ಜಲಾನಯನ ಗಳಿಗೆ' ಎಂದು ಯಾರೂ ಬರೆಯಲಾರರು. ಆದ್ದರಿಂದ ಅನುವಾದಕರ ಕೈ 'ಮೈಲಿಗಲ್ಲಿ'ನ ಕಡೆಗೆ ಹೋಗುತ್ತದೆ. ಮೈಲಿಗಲ್ಲು ಹೇಳುವುದು ಒಂದೇ ದಾರಿಯಲ್ಲಿ ಇಷ್ಟು ದೂರ ಬಂದೆವೆಂದು. 'ವಾಟರ್‌ಶೆಡ್' ಹೇಳುವುದು ಇಲ್ಲಿಂದ ಹರಿವಿನ ದಿಕ್ಕೇ ಬೇರೆ ಎಂದು. 'ತಿರುವು' ಇದಕ್ಕೆ ಹತ್ತಿರ, ಆದರೆ ತಿರುವಿನಲ್ಲಿ ದಾರಿ ಒಂದೇ ಉಳಿಯುತ್ತದೆ. 'ಜಲವಿಭಾಜಕ'ಕ್ಕೆ ಈ ಕೆಲಸ ವಹಿಸಲು ಅದರ ಶಾಸ್ತ್ರೀಯ ಬಿಗುವು ಅಡ್ಡಿ. 'ನೀರಬೈತಲೆ' ಎಂಬೊಂದು ರಚನೆಯನ್ನು ನಿಘಂಟುಕಾರರ ಪರಿಶೀಲನೆಗೆ ನಾವು ಮುಂದಿಡುತ್ತೇವೆ: ಎರಡೂ ಪದಗಳು ಎಲ್ಲರಿಗೂ ತಿಳಿದವು, ವಿಗ್ರಹ ಪಾರದರ್ಶಕ, ಚಿತ್ರ ನಮ್ಮದೇ. ಕಡತದಲ್ಲಿ ಅದು ಒಗ್ಗೀತೇ ಎಂಬುದನ್ನು ಕಡತ ಬರೆಯುವವರು ಹೇಳಬೇಕು. ಅಲ್ಲಿಯವರೆಗೆ ಗೆರೆಯ ಅರ್ಥ ಬಂದಲ್ಲಿ 'ಜಲಾನಯನದ ಎಲ್ಲೆ' ಎಂದು ಬಿಡಿಸಿ ಬರೆಯುವುದೇ ಲೇಸು.