ಸದನದ ಸ್ವಂತ ಖರ್ಚು

ಬೆಂಗಳೂರಿನಿಂದ ಮೈಸೂರಿಗೆ ಸಾಗುವ ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ಹಿಂದಿಕ್ಕಿ ಮಂಡ್ಯ ಜಿಲ್ಲೆಯ ಸೀಮೆಯನ್ನು ಪ್ರವೇಶಿಸುವವರಿಗೆ ಮೊದಲು ಎದುರಾಗುವ ಊರುಗಳಲ್ಲಿ ಮದ್ದೂರು ತಾಲ್ಲೂಕಿನ ನಿಡಘಟ್ಟವೂ ಒಂದು. ಹೊಸ ಹೆದ್ದಾರಿಯ ಕಾಮಗಾರಿಯನ್ನು ಬೆಂಗಳೂರು–ನಿಡಘಟ್ಟ, ನಿಡಘಟ್ಟ–ಮೈಸೂರು ಎಂದು ಎರಡು ಭಾಗವಾಗಿ ವಿಂಗಡಿಸಿದ್ದರಿಂದ, 2023ರ ಮಾರ್ಚ್ ತಿಂಗಳಲ್ಲಿ ಅದು ಉದ್ಘಾಟನೆಯಾಗುವವರೆಗೂ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತಿತ್ತು. ಆ ರಸ್ತೆಗೆ ತಗಲಿದ ಸಾವಿರಾರು ಕೋಟಿ ರೂಪಾಯಿಗಳ ಮಾತು ಊರೂರಿನ ಅರಳಿಕಟ್ಟೆಗಳವರೆಗೂ ಬಂದಿದೆ. ಆದರೆ ಸರ್ಕಾರದ ಪ್ರತಿಯೊಂದು ವೆಚ್ಚವನ್ನೂ ಪ್ರಶ್ನಿಸುವ ಅಧಿಕಾರವುಳ್ಳ ಶಾಸನಸಭೆಗೆ, ಆ ಪ್ರಶ್ನೆಯನ್ನು ಕೇಳುವ ಕೆಲಸಕ್ಕೇ ಬೇಕಾಗುವ ಹಣವು ಎಲ್ಲಿಂದ ಬರುತ್ತದೆ, ಅದನ್ನು ಯಾರು ಮಂಜೂರು ಮಾಡುತ್ತಾರೆ ಎಂಬ ವಿಚಾರ ಮಾತ್ರ ಕಟ್ಟೆಯ ಮೇಲಾಗಲಿ ಪತ್ರಿಕೆಯಲ್ಲಾಗಲಿ ಅಪರೂಪ.

ಈ ವಿಚಾರಕ್ಕೆ ಮದ್ದೂರು ಸೀಮೆಯು ಹೊರಗಿನದೇನೂ ಅಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಮೊದಲ ಬಾರಿಗೆ ಸೇರಿದ ಪ್ರಜಾಪ್ರತಿನಿಧಿ ಸಭೆಯಲ್ಲಿ 144 ಮಂದಿ ಸದಸ್ಯರಿದ್ದರು. ರಾಜ್ಯದ ಆದಾಯ ವೆಚ್ಚಗಳ ವಿವರಣೆಯನ್ನು ಕೇಳಿ ತಮ್ಮ ಅಹವಾಲುಗಳನ್ನು ನಿವೇದಿಸಿಕೊಳ್ಳುವುದಷ್ಟೇ ಅವರಿಗೆ ಸಾಧ್ಯವಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. 1923ರ ಸುಧಾರಣೆಗಳಿಂದ ಆ ಸಭೆಗೆ ಆಯವ್ಯಯದ ಬೇಡಿಕೆಗಳ ಮೇಲೆ ಮತ ನೀಡುವ ಹಕ್ಕು ಬಂದಿತಾದರೂ, ಬೊಕ್ಕಸದ ಬೀಗದ ಕೈ ಮಾತ್ರ ಅರಮನೆಯ ಮತ್ತು ದಿವಾನರ ವಶದಲ್ಲೇ ಉಳಿಯಿತು. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ಧ್ವಜವೇರಿಸಿದ ಸತ್ಯಾಗ್ರಹಿಗಳು ಬೇಡುತ್ತಿದ್ದ ಜವಾಬ್ದಾರಿ ಸರ್ಕಾರವೆಂದರೆ, ಪ್ರಜೆಗಳು ತೆತ್ತ ಕಂದಾಯದ ವಿನಿಯೋಗವು ಪ್ರಜೆಗಳ ಪ್ರತಿನಿಧಿಗಳಿಗೆ ಅಧೀನವಾಗಿರಬೇಕೆಂಬ ಬೇಡಿಕೆಯೇ ಆಗಿತ್ತು.

ಇಂದಿನ ವ್ಯವಸ್ಥೆ ಸಂವಿಧಾನದ ಕೆಲವು ವಿಧಿಗಳ ಮೇಲೆ ನಿಂತಿದೆ. ವಿಧಾನಸಭೆಯ 224 ಮತ್ತು ವಿಧಾನ ಪರಿಷತ್ತಿನ 75 ಸದಸ್ಯರ ಸಂಬಳ ಭತ್ಯೆಗಳು, ಸಮಿತಿಗಳ ಪ್ರವಾಸದ ವೆಚ್ಚ, ಎರಡು ಸದನಗಳ ಪ್ರತ್ಯೇಕ ಸಚಿವಾಲಯಗಳ ನೌಕರವರ್ಗದ ವೇತನ, ವರದಿಗಾರರು, ಗ್ರಂಥಾಲಯ, ಮುದ್ರಣ, ಇವೆಲ್ಲವೂ ರಾಜ್ಯದ ಸಂಚಿತ ನಿಧಿಯಿಂದಲೇ ಭರಿಸಲ್ಪಡುತ್ತವೆ. ಆಯವ್ಯಯದ ಸಂಪುಟಗಳಲ್ಲಿ 2011 ಎಂಬ ಲೆಕ್ಕಶೀರ್ಷಿಕೆಯನ್ನು ಹುಡುಕಿದವರಿಗೆ ಶಾಸಕಾಂಗದ ವೆಚ್ಚ ಕಾಣಸಿಗುತ್ತದೆ. ಇದರಲ್ಲಿ ಸಭಾಧ್ಯಕ್ಷರ, ಸಭಾಪತಿಯವರ ಮತ್ತು ಅವರ ಉಪಾಧ್ಯಕ್ಷರ ವೇತನ ಭತ್ಯೆಗಳನ್ನು 202ನೆಯ ವಿಧಿಯು ಪ್ರಭೃತ ವೆಚ್ಚವೆಂದು ಬೇರೆಯಾಗಿರಿಸಿದೆ: ಅದನ್ನು ಕುರಿತು ಸದನವು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರಾದ ಎಸ್.ಎಂ. ಕೃಷ್ಣ ಅವರು 1989ರಿಂದ 1993ರವರೆಗೆ ಸಭಾಧ್ಯಕ್ಷರ ಪೀಠದಲ್ಲಿದ್ದಾಗ, ಯಾವ ಪಕ್ಷದ ಬಹುಮತವೂ ಮುನಿದು ಅವರ ವೇತನವನ್ನು ತಡೆಯಲು ಶಕ್ತವಾಗಿರಲಿಲ್ಲ. ಪೀಠದ ನಿಷ್ಪಕ್ಷಪಾತಕ್ಕೆ ಇಂತಹ ರಕ್ಷಣೆ ಅಗತ್ಯವೆಂದು ಸಂವಿಧಾನಕರ್ತರು ಬಗೆದದ್ದು ವಿವೇಕದ ನಡೆ. ಉಳಿದ ವೆಚ್ಚವೆಲ್ಲ ಅನುದಾನದ ಬೇಡಿಕೆಯ ರೂಪದಲ್ಲಿ ವಿಧಾನಸಭೆಯ ಮುಂದೆ ಬರುತ್ತದೆ. ಅನುದಾನಕ್ಕೆ ಮತ ನೀಡುವ ಹಕ್ಕು ಪರಿಷತ್ತಿಗೆ ಇಲ್ಲವಾದ್ದರಿಂದ, ಪರಿಷತ್ತಿನ ಖರ್ಚಿಗೂ ಕೆಳಮನೆಯ ಒಪ್ಪಿಗೆಯೇ ಬೇಕು.

ಹಣವು ಯಾವುದಕ್ಕೆ ವ್ಯಯವಾಗುತ್ತದೆಂಬುದನ್ನು ತಿಳಿಯಬೇಕಾದರೆ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯ ಬೈಠಕ್ಕನ್ನು ಕಲ್ಪಿಸಿಕೊಳ್ಳಬೇಕು. ಎರಡೂ ಸದನಗಳ ಸದಸ್ಯರಿರುವ ಈ ಸಮಿತಿಗೆ ವಿರೋಧ ಪಕ್ಷದವರೊಬ್ಬರು ಅಧ್ಯಕ್ಷರಾಗಿರುವುದು ಪರಿಪಾಠ. ಸಿಎಜಿ ವರದಿಯ ಒಂದೊಂದು ಕಂಡಿಕೆಯನ್ನೂ ಎತ್ತಿಕೊಂಡು, ಕಾಲುವೆಯ ದುರಸ್ತಿಗೆ ಮಂಜೂರಾದ ಹಣವು ಖರ್ಚಾಗದೆ ಉಳಿದದ್ದೇಕೆ, ಖರ್ಚಾದ ಹಣಕ್ಕೆ ರಸೀತಿ ಎಲ್ಲಿ ಎಂದು ಇಲಾಖೆಯ ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿಕೊಂಡು ಕೇಳುವಾಗ, ಪಕ್ಕದಲ್ಲಿ ಮಹಾಲೇಖಪಾಲರ ಕಚೇರಿಯವರು ಕಡತ ಹಿಡಿದು ನೆರವಾಗುತ್ತಾರೆ, ವರದಿಗಾರರು ಮಾತುಗಳನ್ನು ಬರೆದುಕೊಳ್ಳುತ್ತಾರೆ, ಸಮಿತಿ ಶಾಖೆಯ ಅಧಿಕಾರಿಗಳು ಹಿಂದಿನ ಶಿಫಾರಸುಗಳಿಗೆ ಇಲಾಖೆಯು ಕೊಟ್ಟ ಉತ್ತರವನ್ನು ಹುಡುಕಿ ಮುಂದಿಡುತ್ತಾರೆ. ಟೆಲಿವಿಷನ್ ಕ್ಯಾಮೆರಾ ಅಲ್ಲಿಗೆ ಬರುವುದಿಲ್ಲವಾದ್ದರಿಂದ ಗದ್ದಲಕ್ಕೆ ಪ್ರೋತ್ಸಾಹವಿಲ್ಲ. ಪಕ್ಷಭೇದವು ಎಷ್ಟೋ ಸಲ ತಾನಾಗಿ ಸಡಿಲಗೊಳ್ಳುತ್ತದೆ. ಬೆಂಗಳೂರಿನ ಸುತ್ತಣ ಸರ್ಕಾರಿ ಭೂಮಿಯ ಒತ್ತುವರಿಯನ್ನು ಶೋಧಿಸಿದ ಎ.ಟಿ. ರಾಮಸ್ವಾಮಿ ಅವರ ಸಮಿತಿಯಾಗಲಿ, ಕೆರೆಗಳ ಒತ್ತುವರಿಯನ್ನು ಪರಿಶೀಲಿಸಿದ ಕೆ.ಬಿ. ಕೋಳಿವಾಡ ಅವರ ಸಮಿತಿಯಾಗಲಿ ಸ್ಥಳಗಳನ್ನು ಕಣ್ಣಾರೆ ಕಂಡು, ಭೂದಾಖಲೆಗಳನ್ನು ತರಿಸಿಕೊಂಡು ವರದಿ ಬರೆಯಲು ಸಾಧ್ಯವಾದದ್ದು ಪ್ರವಾಸಕ್ಕೂ ಸಿಬ್ಬಂದಿಗೂ ಇಂತಹ ಹಣದ ಆಸರೆ ಇದ್ದುದರಿಂದ.

ಇಲ್ಲೊಂದು ಕೊರತೆಯನ್ನು ಹೇಳದೆ ಇರಲಾರೆ. ರಾಜ್ಯಪಾಲರ ಶಿಫಾರಸಿಲ್ಲದೆ ಯಾವ ಬೇಡಿಕೆಯೂ ಸದನಕ್ಕೆ ಬರುವಂತಿಲ್ಲ, ರಾಜ್ಯಪಾಲರಾದರೋ ಮಂತ್ರಿಮಂಡಲದ ಸಲಹೆಯಂತೆ ನಡೆಯುವವರು. ಎಂದಮೇಲೆ ಪ್ರಶ್ನೆಗೆ ಉತ್ತರಿಸಬೇಕಾದವರ ಕೈಯಲ್ಲೇ ಪ್ರಶ್ನೆ ಕೇಳುವವರ ಖರ್ಚಿನ ಅಳತೆಯೂ ಇದ್ದಂತಾಯಿತು. ಬ್ರಿಟನ್ನಿನಲ್ಲಿ 1978ರ ಕಾಯಿದೆಯು ಕಾಮನ್ಸ್ ಸಭೆಯ ಆಡಳಿತವೆಚ್ಚದ ಅಂದಾಜನ್ನು ಸಭಾಧ್ಯಕ್ಷರ ನೇತೃತ್ವದ ಆಯೋಗವೇ ಸಿದ್ಧಪಡಿಸುವಂತೆ ಏರ್ಪಾಟು ಮಾಡಿತು. ನಮ್ಮಲ್ಲಿಯೂ ಅಂತಹ ಏರ್ಪಾಟು ಆಗಬೇಕು. ಶಾಸಕರ ಸಂಬಳ ಹೆಚ್ಚಿದಾಗ ಜನರು ಸಿಟ್ಟಾಗುವುದು ಸಹಜ, ಆ ಸಿಟ್ಟು ನ್ಯಾಯವೂ ಆಗಿರಬಹುದು. ಆದರೆ ಆ ಸಿಟ್ಟಿನಲ್ಲಿ ಸಮಿತಿಯ ಶೋಧಕರಿಗೂ ಅನುವಾದಕರಿಗೂ ಸಲ್ಲುವ ಹಣವನ್ನು ದುಂದುವೆಚ್ಚವೆಂದು ಭಾವಿಸಿದರೆ ನಷ್ಟವು ಕಂದಾಯ ತೆತ್ತವರದೇ.

ಸಮಿತಿಯ ವರದಿಯು ಸದನದಲ್ಲಿ ಮಂಡಿತವಾದೊಡನೆ ಸಾರ್ವಜನಿಕ ದಾಖಲೆಯಾಗುತ್ತದೆ. ಮುಂದಿನ ಸಲ ತಮ್ಮ ಶಾಸಕರು ಊರಿಗೆ ಬಂದಾಗ ನಿಡಘಟ್ಟದವರೂ ಮದ್ದೂರಿನವರೂ ರಸ್ತೆ, ಚರಂಡಿ, ಕಾಲುವೆಗಳ ಮಾತಿನ ಜೊತೆಗೆ, ತಾವು ಯಾವ ಸಮಿತಿಯಲ್ಲಿದ್ದೀರಿ, ಅದರ ಎಷ್ಟು ಬೈಠಕ್ಕುಗಳಿಗೆ ಹೋಗಿದ್ದೀರಿ, ಅದರ ಕಡೆಯ ವರದಿಯಲ್ಲಿ ಏನಿದೆ ಎಂದು ಗೌರವದಿಂದಲೇ, ಆದರೆ ಬಿಡದೆ ಕೇಳಬೇಕೆಂದು ನನ್ನ ಪ್ರಾರ್ಥನೆ.